ಅರ್ಬುದಕೋಶದ ಸಕ್ಕರೆಯ ಹಸಿವು

೧

ಕ್ಯಾನ್ಸರ್ ರೋಗವು ಒಂದು ಮನೆಯನ್ನು ಹೊಕ್ಕಿತೆಂದರೆ ಅದರ ಬೆನ್ನಿಗೇ ಒಂದು ಮಾತೂ ಆ ಮನೆಯನ್ನು ಪ್ರವೇಶಿಸುತ್ತದೆ: ಈ ರೋಗ ಸಕ್ಕರೆಯನ್ನು ತಿಂದು ಬೆಳೆಯುವಂಥದು, ಆದುದರಿಂದ ರೋಗಿಗೆ ಸಕ್ಕರೆ, ಬೆಲ್ಲ, ಅನ್ನ, ಹಣ್ಣು ಇವನ್ನೆಲ್ಲ ನಿಲ್ಲಿಸಿಬಿಟ್ಟರೆ ಗಂಟು ತಾನಾಗಿಯೇ ಸೊರಗಿ ಸಾಯುತ್ತದೆ. ಬಂಧುಗಳು ಪ್ರೀತಿಯಿಂದ ಹೇಳುವ, ರೋಗಿಯು ಭಯದಿಂದ ನಂಬುವ ಈ ಮಾತಿನಲ್ಲಿ ಎರಡು ಭಾಗಗಳಿವೆ. ಮೊದಲನೆಯದು ವಿಜ್ಞಾನವು ಸುಮಾರು ನೂರು ವರ್ಷಗಳ ಹಿಂದೆಯೇ ಕಂಡುಕೊಂಡ ಒಂದು ಸಂಗತಿ. ಎರಡನೆಯದು ಆ ಸಂಗತಿಯಿಂದ ಅವಸರದಲ್ಲಿ ತೆಗೆದ ತಪ್ಪು ನಿರ್ಣಯ. ಇವೆರಡರ ನಡುವಣ ಅಂತರವನ್ನು ಅರಿಯುವುದರ ಮೇಲೆ ಎಷ್ಟೋ ರೋಗಿಗಳ ದೇಹಬಲವು ನಿಂತಿದೆ. ಅರ್ಬುದದ ಜೀವಕೋಶಗಳು ಗ್ಲೂಕೋಸನ್ನು ಹೇಗೆ ಒಳಗೆಳೆದುಕೊಳ್ಳುತ್ತವೆ, ಆ ದಾರಿಯನ್ನು ಅಡ್ಡಗಟ್ಟಿ ಚಿಕಿತ್ಸೆ ನಡೆಸುವ ಯತ್ನಗಳು ಎಲ್ಲಿಯವರೆಗೆ ಬಂದಿವೆ, ಎಲ್ಲಿ ತಡೆದು ನಿಂತಿವೆ ಎಂಬುದನ್ನು ಸ್ಥೂಲವಾಗಿ ವಿವರಿಸುವುದು ಈ ಲೇಖನದ ಉದ್ದೇಶ.

೨

ಜೀವಕೋಶವು ಗ್ಲೂಕೋಸಿನಿಂದ ಶಕ್ತಿಯನ್ನು ಪಡೆಯುವ ಕಾರ್ಯದಲ್ಲಿ ಎರಡು ಘಟ್ಟಗಳಿವೆ. ಮೊದಲನೆಯ ಘಟ್ಟದಲ್ಲಿ ಆಮ್ಲಜನಕದ ನೆರವಿಲ್ಲದೆಯೇ ಗ್ಲೂಕೋಸಿನ ಒಂದು ಅಣುವು ಒಡೆದು ಪೈರುವಿಕ್ ಆಮ್ಲದ ಎರಡು ಅಣುಗಳಾಗುತ್ತದೆ. ಇದರಿಂದ ಕೋಶಕ್ಕೆ ದೊರೆಯುವ ನಿವ್ವಳ ಲಾಭ ೨ ಎ.ಟಿ.ಪಿ. ಅಣುಗಳು ಮಾತ್ರ. ಎ.ಟಿ.ಪಿ. ಎಂಬುದು ಕೋಶದ ಎಲ್ಲ ವ್ಯವಹಾರಗಳಲ್ಲಿಯೂ ಚಲಾವಣೆಯಾಗುವ ಶಕ್ತಿಯ ನಾಣ್ಯವೆಂದು ತಿಳಿಯಬಹುದು. ಎರಡನೆಯ ಘಟ್ಟವು ಮೈಟೊಕಾಂಡ್ರಿಯ ಎಂಬ ಸೂಕ್ಷ್ಮಾಂಗಗಳಲ್ಲಿ ಆಮ್ಲಜನಕದ ನೆರವಿನಿಂದ ನಡೆಯುವ ಕೋಶದ ಉಸಿರಾಟ. ಎರಡೂ ಘಟ್ಟಗಳು ಪೂರ್ಣವಾದರೆ ಒಂದು ಗ್ಲೂಕೋಸ್ ಅಣುವಿನಿಂದ ಸುಮಾರು ೩೦ ಎ.ಟಿ.ಪಿ. ಲಭಿಸುತ್ತವೆ. ವೇಗವಾಗಿ ಓಡುವವನ ಸ್ನಾಯುಗಳಿಗೆ ಆಮ್ಲಜನಕ ಸಾಲದೆ ಹೋದಾಗ ಕೆಲಸವು ಮೊದಲ ಘಟ್ಟದಲ್ಲಿಯೇ ನಿಂತು, ಪೈರುವಿಕ್ ಆಮ್ಲವು ಲ್ಯಾಕ್ಟಿಕ್ ಆಮ್ಲವಾಗಿ ಮಾರ್ಪಟ್ಟು ರಕ್ತವನ್ನು ಸೇರುತ್ತದೆ. ಮೊಸರಿಗೆ ಹುಳಿಯನ್ನು ತರುವುದೂ ಇದೇ ಆಮ್ಲವೇ.

ಬರ್ಲಿನ್ ನಗರದ ಡಾಲೆಮ್ ಭಾಗದಲ್ಲಿದ್ದ ಕೈಸರ್ ವಿಲ್‌ಹೆಲ್ಮ್ ಜೀವವಿಜ್ಞಾನ ಸಂಸ್ಥೆಯಲ್ಲಿ ಆಟೋ ವಾರ್ಬುರ್ಗ್ (೧೮೮೩-೧೯೭೦) ಎಂಬ ವಿಜ್ಞಾನಿ ೧೯೨೦ರ ದಶಕದ ಮೊದಲ ವರ್ಷಗಳಲ್ಲಿ ಇಲಿಗಳ ಅರ್ಬುದಗಳನ್ನು ಪರೀಕ್ಷೆಗೆ ಕೈಗೆತ್ತಿಕೊಂಡರು. ಅರ್ಬುದವನ್ನು ಅತಿ ತೆಳುವಾದ ಪದರುಗಳಾಗಿ ಕೊಯ್ದು, ಅವು ಹೀರಿಕೊಳ್ಳುವ ಮತ್ತು ಹೊರಬಿಡುವ ಅನಿಲಗಳನ್ನು ಒತ್ತಡಮಾಪಕದಿಂದ ಅಳೆಯುವ ವಿಧಾನ ಅವರದು. ಆಮ್ಲಜನಕವು ಯಥೇಚ್ಛವಾಗಿ ದೊರೆಯುತ್ತಿದ್ದಾಗಲೂ ಅರ್ಬುದದ ಪದರುಗಳು ಗ್ಲೂಕೋಸನ್ನು ಅಪಾರವಾಗಿ ಹೀರಿ ಅದರ ಬಹುಭಾಗವನ್ನು ಲ್ಯಾಕ್ಟಿಕ್ ಆಮ್ಲವನ್ನಾಗಿ ಹೊರಹಾಕುತ್ತಿದ್ದುವು. ಓಡುವವನ ಸ್ನಾಯುವು ಅನಿವಾರ್ಯಕ್ಕೆ ಮಾಡುವ ಕೆಲಸವನ್ನು ಅರ್ಬುದವು ನಿತ್ಯವೂ ಮಾಡುತ್ತಿತ್ತು. ೧೯೨೫ರಲ್ಲಿ ಅಮೆರಿಕದ ಬಫಲೋ ನಗರದಲ್ಲಿ ಕಾರ್ಲ್ ಕೋರಿ ಮತ್ತು ಗರ್ಟಿ ಕೋರಿ ದಂಪತಿಗಳು ಇದೇ ಸಂಗತಿಯನ್ನು ಜೀವಂತ ಪ್ರಾಣಿಯಲ್ಲಿ ತೋರಿಸಿಕೊಟ್ಟರು. ಒಂದು ರೆಕ್ಕೆಯಲ್ಲಿ ಮಾತ್ರ ಅರ್ಬುದವಿದ್ದ ಕೋಳಿಯ ಎರಡೂ ರೆಕ್ಕೆಗಳಿಂದ ಹಿಂದಿರುಗುವ ರಕ್ತವನ್ನು ಅವರು ಹೋಲಿಸಿ ನೋಡಿದರು. ಅರ್ಬುದವಿದ್ದ ಕಡೆಯಿಂದ ಬಂದ ರಕ್ತದಲ್ಲಿ ಗ್ಲೂಕೋಸ್ ಕಡಮೆಯಾಗಿಯೂ ಲ್ಯಾಕ್ಟಿಕ್ ಆಮ್ಲ ಹೆಚ್ಚಾಗಿಯೂ ಇದ್ದಿತು.

ಸಂಗತಿಯು ನಿಜವಾಗಿದ್ದರೂ ವಾರ್ಬುರ್ಗರು ಅದಕ್ಕೆ ಕೊಟ್ಟ ಕಾರಣವು ನಿಲ್ಲಲಿಲ್ಲ. ಕೋಶದ ಉಸಿರಾಟದ ಯಂತ್ರವು ಸರಿಪಡಿಸಲಾಗದಂತೆ ಕೆಡುವುದೇ ಕ್ಯಾನ್ಸರಿನ ಮೂಲವೆಂದು ಅವರು ೧೯೫೬ರಲ್ಲಿಯೂ ದೃಢವಾಗಿ ವಾದಿಸಿದರು. ಅದೇ ವರ್ಷ ಸಿಡ್ನಿ ವೈನ್‌ಹೌಸರು, ಅರ್ಬುದಕೋಶಗಳು ಸಾಕಷ್ಟು ಚೆನ್ನಾಗಿಯೇ ಉಸಿರಾಡುತ್ತವೆಂದು ಎದುರುವಾದವನ್ನು ಮಂಡಿಸಿದರು. ಮುಂದಿನ ಸಂಶೋಧನೆಗಳು ಬಹುಮಟ್ಟಿಗೆ ಇವರ ಪಕ್ಷವನ್ನೇ ಎತ್ತಿಹಿಡಿದುವು. ಹಾಗಾದರೆ ೩೦ ನಾಣ್ಯಗಳ ಗಳಿಕೆಯನ್ನು ಬಿಟ್ಟು ೨ ನಾಣ್ಯಗಳಿಗೆ ಕೋಶವು ಏಕೆ ತೃಪ್ತವಾಗುತ್ತದೆ? ಈಗ ಸಾಮಾನ್ಯವಾಗಿ ಒಪ್ಪಿತವಾಗಿರುವ ಒಂದು ಉತ್ತರವನ್ನು ೨೦೦೯ರಲ್ಲಿ ವ್ಯಾಂಡರ್ ಹೈಡನ್, ಕ್ಯಾಂಟ್ಲಿ ಮತ್ತು ಥಾಂಪ್ಸನ್ ಎಂಬವರು ಸ್ಪಷ್ಟವಾಗಿ ನಿರೂಪಿಸಿದರು. ಮರವನ್ನೆಲ್ಲ ಒಲೆಗೆ ಇಟ್ಟರೆ ಬೆಂಕಿ ಚೆನ್ನಾಗಿ ಉರಿಯುವುದು ದಿಟ. ಆದರೆ ಮನೆಯನ್ನು ಕಟ್ಟುವವನಿಗೆ ಸೌದೆಯಷ್ಟೇ ಸಾಲದು, ತೊಲೆ ಜಂತೆಗಳೂ ಬೇಕು. ಎಡೆಬಿಡದೆ ಇಬ್ಭಾಗವಾಗುತ್ತ ಹೋಗುವ ಕೋಶಕ್ಕೆ ಹೊಸ ಪೊರೆಗಳಿಗಾಗಿ ಕೊಬ್ಬು, ಹೊಸ ವರ್ಣತಂತುಗಳಿಗಾಗಿ ನ್ಯೂಕ್ಲಿಯೋಟೈಡುಗಳು, ಹೊಸ ಪ್ರೋಟೀನುಗಳಿಗಾಗಿ ಅಮಿನೋ ಆಮ್ಲಗಳು ಬೇಕಾಗುತ್ತವೆ. ಗ್ಲೂಕೋಸಿನ ವಿಭಜನೆಯ ದಾರಿಯಲ್ಲಿ ಹುಟ್ಟುವ ನಡುವಣ ಪದಾರ್ಥಗಳು ಈ ನಿರ್ಮಾಣಕ್ಕೆ ಒದಗುವ ಸಾಮಗ್ರಿಗಳು. ಆದುದರಿಂದ ಅರ್ಬುದಕೋಶದ ಹಸಿವು ಉರುವಲಿನ ಹಸಿವಾಗಿರುವಂತೆಯೇ ಕಟ್ಟಡದ ಸಾಮಗ್ರಿಯ ಹಸಿವೂ ಆಗಿದೆ.

೩

ಗ್ಲೂಕೋಸು ನೀರಿನಲ್ಲಿ ಕರಗುವ ವಸ್ತು. ಕೋಶದ ಪೊರೆಯಾದರೋ ಕೊಬ್ಬಿನದು. ಅದರ ಮೂಲಕ ಗ್ಲೂಕೋಸು ತಾನಾಗಿ ನುಸುಳಲಾರದು. ಅದನ್ನು ಒಳಕ್ಕೆ ಬಿಡುವ ಬಾಗಿಲುಗಳಂತೆ ಪೊರೆಯಲ್ಲಿ ನಾಟಿಕೊಂಡಿರುವ ಪ್ರೋಟೀನುಗಳಿವೆ. ಇವುಗಳ ಒಂದು ದೊಡ್ಡ ಕುಟುಂಬಕ್ಕೆ ಗ್ಲುಟ್ ಎಂದು ಹೆಸರು. ಮನುಷ್ಯನಲ್ಲಿ ಈ ಕುಟುಂಬದ ೧೪ ಸದಸ್ಯರನ್ನು ಗುರುತಿಸಲಾಗಿದೆ. ಸ್ನಾಯು ಮತ್ತು ಕೊಬ್ಬಿನ ಕೋಶಗಳಲ್ಲಿರುವ ಗ್ಲುಟ್-೪ ಇನ್ಸುಲಿನ್ನಿನ ಆಜ್ಞೆಯನ್ನು ಕಾಯುತ್ತದೆ. ಗ್ಲುಟ್-೧ ಅಂತಹ ಆಜ್ಞೆಗೆ ಕಾಯದೆ ಸದಾ ಕೆಲಸಮಾಡುವಂಥದು. ಇದರ ಅಮಿನೋ ಆಮ್ಲಗಳ ಅನುಕ್ರಮವು ೧೯೮೫ರಲ್ಲಿ ಬೆಳಕಿಗೆ ಬಂದಿತು. ಅದಕ್ಕೆ ಬಳಸಿದ್ದು ಮನುಷ್ಯನ ಯಕೃತ್ತಿನ ಅರ್ಬುದದಿಂದ ಬೆಳೆಸಿದ ಕೋಶಗಳನ್ನೇ ಎಂಬುದು ಗಮನಾರ್ಹ. ೪೯೨ ಅಮಿನೋ ಆಮ್ಲಗಳ ಈ ಸರಪಳಿಯು ಪೊರೆಯನ್ನು ಹನ್ನೆರಡು ಸಲ ಹಾದುಹೋಗುತ್ತದೆ. ಅದರ ಮೂರು ಆಯಾಮಗಳ ರಚನೆಯನ್ನು ೨೦೧೪ರಲ್ಲಿ ಬೀಜಿಂಗ್ ನಗರದ ತ್ಸಿಂಗ್‌ಹ್ವಾ ವಿಶ್ವವಿದ್ಯಾಲಯದಲ್ಲಿ ನಿಯೆಂಗ್ ಯಾನ್ ಮತ್ತು ಅವರ ಸಂಗಡಿಗರು ಬಿಡಿಸಿದರು. ಹೊರಬಾಗಿಲು ತೆರೆದಿರುವಾಗ ಒಳಬಾಗಿಲು ಮುಚ್ಚಿ, ಒಳಬಾಗಿಲು ತೆರೆದಾಗ ಹೊರಬಾಗಿಲು ಮುಚ್ಚುವ ನಡುಮನೆಯಂತೆ ಈ ಪ್ರೋಟೀನು ಒಂದೊಂದೇ ಅಣುವನ್ನು ದಾಟಿಸುತ್ತದೆ.

ಬಾಗಿಲು ದಾಟಿದ ಗ್ಲೂಕೋಸು ಬಂದ ದಾರಿಯಲ್ಲಿಯೇ ಮರಳಿ ಹೋಗಲೂಬಹುದು. ಹಾಗಾಗದಂತೆ ಹೆಕ್ಸೊಕೈನೇಸ್ ಎಂಬ ಕಿಣ್ವವು ಅದಕ್ಕೆ ಒಂದು ಫಾಸ್ಫೇಟನ್ನು ಜೋಡಿಸುತ್ತದೆ. ಆ ಹೊರೆಯನ್ನು ಹೊತ್ತ ಅಣುವಿಗೆ ಹೊರಗೆ ದಾರಿಯಿಲ್ಲ. ಹೀಗೆ ಗ್ಲೂಕೋಸಿನ ಸ್ವೀಕಾರವೆಂಬುದು ಬಾಗಿಲು ಮತ್ತು ಅಗಣಿ ಇವೆರಡೂ ಕೂಡಿ ನಡೆಸುವ ಕಾರ್ಯ.

ಅನೇಕ ಅರ್ಬುದಗಳಲ್ಲಿ ಇವೆರಡೂ ಹೆಚ್ಚುತ್ತವೆ. ರಾಸ್, ಸಾರ್ಕ್ ಮೊದಲಾದ ಕ್ಯಾನ್ಸರ್‌ಕಾರಕ ಜೀನುಗಳನ್ನು ಸೇರಿಸಿದ ಕೋಶಗಳಲ್ಲಿ ಗ್ಲುಟ್-೧ ಏರುತ್ತದೆಂದು ೧೯೮೭ರಲ್ಲಿಯೇ ತಿಳಿದುಬಂದಿತು. ಇನ್ನೊಂದು ಪ್ರೇರಣೆ ಆಮ್ಲಜನಕದ ಅಭಾವದ್ದು. ಗಂಟು ತನ್ನ ರಕ್ತನಾಳಗಳನ್ನು ಮೀರಿ ಬೆಳೆದಾಗ ಅದರ ಒಳಭಾಗಕ್ಕೆ ಆಮ್ಲಜನಕ ಮುಟ್ಟುವುದಿಲ್ಲ. ಆಗ ಹಿಫ್ ಎಂಬ ನಿಯಂತ್ರಕ ಪ್ರೋಟೀನು ಉಳಿದು ಬೆಳೆದು ಗ್ಲುಟ್-೧ ಹಾಗೂ ಗ್ಲೂಕೋಸ್ ವಿಭಜನೆಯ ಅನೇಕ ಕಿಣ್ವಗಳ ಉತ್ಪಾದನೆಯನ್ನು ಹೆಚ್ಚಿಸುತ್ತದೆ. ಕೋಶಗಳು ಆಮ್ಲಜನಕದ ಲಭ್ಯತೆಯನ್ನು ಅರಿತು ಹೊಂದಿಕೊಳ್ಳುವ ಈ ವ್ಯವಸ್ಥೆಯನ್ನು ಬಿಡಿಸಿದುದಕ್ಕಾಗಿ ಕೇಲಿನ್, ರ‍್ಯಾಟ್‌ಕ್ಲಿಫ್ ಮತ್ತು ಸೆಮೆಂಜಾ ಅವರಿಗೆ ೨೦೧೯ರ ನೊಬೆಲ್ ಪಾರಿತೋಷಕ ದೊರೆಯಿತು.

೪

ಈ ಹಸಿವಿನಿಂದ ವೈದ್ಯಶಾಸ್ತ್ರಕ್ಕೆ ಆದ ಮೊದಲ ಮಹದುಪಕಾರ ರೋಗನಿದಾನದಲ್ಲಿ. ಗ್ಲೂಕೋಸಿನ ಎರಡನೆಯ ಇಂಗಾಲದ ಬಳಿಯಿರುವ ಆಮ್ಲಜನಕದ ಒಂದು ಪರಮಾಣುವನ್ನು ತೆಗೆದರೆ ೨-ಡಿಆಕ್ಸಿಗ್ಲೂಕೋಸ್ ಎಂಬ ತದ್ರೂಪಿಯು ದೊರೆಯುತ್ತದೆ. ಇದು ಗ್ಲೂಕೋಸಿನ ಬಾಗಿಲಿನಿಂದಲೇ ಒಳಹೋಗುತ್ತದೆ. ಹೆಕ್ಸೊಕೈನೇಸ್ ಇದಕ್ಕೂ ಫಾಸ್ಫೇಟನ್ನು ಜೋಡಿಸುತ್ತದೆ. ಆದರೆ ಮುಂದಿನ ಕಿಣ್ವವು ಇದನ್ನು ಸ್ವೀಕರಿಸಲಾರದು. ಹಿಂದೆ ಹೋಗಲಾರದೆ ಮುಂದೆಯೂ ಸಾಗಲಾರದೆ ಅದು ಕೋಶದಲ್ಲಿ ಸಂಗ್ರಹವಾಗುತ್ತದೆ. ಈ ತದ್ರೂಪಿಗೆ ವಿಕಿರಣಶೀಲವಾದ ಫ್ಲೂರಿನ್-೧೮ ಅನ್ನು ಜೋಡಿಸಿದರೆ ಅದು ಎಲ್ಲೆಲ್ಲಿ ಕೂಡಿಕೊಂಡಿದೆಯೆಂಬುದನ್ನು ಹೊರಗಿನಿಂದಲೇ ಚಿತ್ರಿಸಬಹುದು. ೧೯೭೬ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದಲ್ಲಿ ಇದನ್ನು ಮೊದಲಬಾರಿಗೆ ಮನುಷ್ಯರಿಗೆ ಕೊಡಲಾಯಿತು. ಇಂದು ಪೆಟ್ ಸ್ಕ್ಯಾನ್ ಎಂದು ಆಸ್ಪತ್ರೆಗಳಲ್ಲಿ ಬಳಕೆಯಲ್ಲಿರುವ ಪರೀಕ್ಷೆಗೆ ಬಹುಮಟ್ಟಿಗೆ ಇದೇ ಆಧಾರ. ಫ್ಲೂರಿನ್-೧೮ರ ಅರ್ಧಾಯುಷ್ಯ ಕೇವಲ ೧೧೦ ನಿಮಿಷಗಳಾದುದರಿಂದ ಅದನ್ನು ತಯಾರಿಸುವ ಸೈಕ್ಲೊಟ್ರಾನ್ ಯಂತ್ರವು ಆಸ್ಪತ್ರೆಗೆ ಹೆಚ್ಚು ದೂರವಿರುವಂತಿಲ್ಲ. ಭಾರತದಲ್ಲಿ ಈ ಪರೀಕ್ಷೆಯು ೨೦೦೨ರಲ್ಲಿ ಮುಂಬಯಿಯ ಪರೇಲಿನಲ್ಲಿರುವ, ಭಾಭಾ ಪರಮಾಣು ಸಂಶೋಧನ ಕೇಂದ್ರಕ್ಕೆ ಸೇರಿದ ವಿಕಿರಣ ವೈದ್ಯಕೀಯ ಕೇಂದ್ರದಲ್ಲಿ ಆರಂಭವಾಯಿತು.

ಪೆಟ್ ಸ್ಕ್ಯಾನಿನ ಚಿತ್ರವನ್ನು ನಿಧಾನವಾಗಿ ನೋಡಿದರೆ ಅದರಲ್ಲಿ ಮುಂದಿನ ಕಥೆಯ ಸೂಚನೆಯೂ ಇದೆ. ಅಲ್ಲಿ ಹೊಳೆಯುವುದು ಅರ್ಬುದವೊಂದೇ ಅಲ್ಲ. ಆರೋಗ್ಯವಂತನ ಮಿದುಳು ಯಾವಾಗಲೂ ಹೊಳೆಯುತ್ತದೆ. ಹೃದಯವೂ ಅನೇಕವೇಳೆ ಹೊಳೆಯುತ್ತದೆ. ಕ್ಷಯರೋಗ ತಗುಲಿದ ದುಗ್ಧಗ್ರಂಥಿಗಳೂ ಕ್ಯಾನ್ಸರಿನಂತೆಯೇ ಬೆಳಗುವುದರಿಂದ, ಕ್ಷಯವು ಹೇರಳವಾಗಿರುವ ನಮ್ಮ ದೇಶದಲ್ಲಿ ಈ ಚಿತ್ರಗಳನ್ನು ಓದುವ ವೈದ್ಯರು ವಿಶೇಷ ಎಚ್ಚರಿಕೆಯನ್ನು ವಹಿಸಬೇಕಾಗುತ್ತದೆ. ಸೋಂಕಿನೊಡನೆ ಹೋರಾಡುವ ರಕ್ಷಕ ಕೋಶಗಳಿಗೂ ಗ್ಲೂಕೋಸಿನ ಹಸಿವು ಬಲವಾಗಿರುವುದೇ ಇದಕ್ಕೆ ಕಾರಣ.

೫

ದೀಪವಾಗಿ ಒದಗಿದ ವಸ್ತುವನ್ನೇ ಆಯುಧವನ್ನಾಗಿ ಬಳಸುವ ಯತ್ನವು ಕಾಲದಲ್ಲಿ ದೀಪಕ್ಕಿಂತಲೂ ಹಿಂದಿನದು. ೨-ಡಿಆಕ್ಸಿಗ್ಲೂಕೋಸಿನ ಮೇಲೆ ಹೆಕ್ಸೊಕೈನೇಸ್ ಕೆಲಸಮಾಡುವ ಬಗೆಯನ್ನು ಸೋಲ್ಸ್ ಮತ್ತು ಕ್ರೇನ್ ೧೯೫೪ರಲ್ಲಿ ವಿವರಿಸಿದ್ದರು. ಈ ತದ್ರೂಪಿಯು ಹೆಚ್ಚಾಗಿ ಕೂಡಿಕೊಂಡರೆ ಗ್ಲೂಕೋಸಿನ ವಿಭಜನೆಗೇ ಅಡ್ಡಿಯಾಗುತ್ತದೆ. ೧೯೫೮ರಲ್ಲಿ ಲ್ಯಾಂಡೌ ಮತ್ತು ಸಂಗಡಿಗರು ಇದನ್ನು ಕ್ಯಾನ್ಸರ್ ರೋಗಿಗಳ ರಕ್ತನಾಳಕ್ಕೆ ಹರಿಸಿ ಪರೀಕ್ಷಿಸಿದ ವರದಿಯು ಪ್ರಕಟವಾಯಿತು. ರೋಗಿಗಳಿಗೆ ಮೈ ಬಿಸಿಯೇರಿತು, ಬೆವರು ಹರಿಯಿತು, ಮಂಪರು ಕವಿಯಿತು. ಇವು ರಕ್ತದ ಸಕ್ಕರೆ ಕುಸಿದಾಗ ಕಾಣಿಸುವ ಲಕ್ಷಣಗಳು. ಆದರೆ ರಕ್ತದಲ್ಲಿ ಸಕ್ಕರೆಯು ಏರಿತ್ತು. ರಕ್ತದಲ್ಲಿ ಸಮೃದ್ಧಿಯಿದ್ದರೂ ಕೋಶಗಳು ಉಪವಾಸವಿದ್ದುವು, ಮತ್ತು ಮೊದಲು ಕೂಗಿಕೊಂಡುದು ಮಿದುಳು.

ಇದರಿಂದ ಆ ದಾರಿಯು ಮುಚ್ಚಿಹೋಗಲಿಲ್ಲ. ವಿಕಿರಣ ಚಿಕಿತ್ಸೆಯಿಂದ ಕೋಶಕ್ಕಾದ ಗಾಯವನ್ನು ಸರಿಪಡಿಸಿಕೊಳ್ಳಲು ಶಕ್ತಿ ಬೇಕು. ಆ ಹೊತ್ತಿಗೆ ಸರಿಯಾಗಿ ಶಕ್ತಿಯ ಮೂಲವನ್ನು ತಡೆದರೆ ಗ್ಲೂಕೋಸನ್ನೇ ನೆಚ್ಚಿದ ಅರ್ಬುದಕೋಶವು ಚೇತರಿಸಿಕೊಳ್ಳಲಾರದು ಎಂಬ ತರ್ಕವನ್ನು ಬೆಳೆಸಿದವರಲ್ಲಿ ಭಾರತೀಯ ವಿಜ್ಞಾನಿಗಳು ಮುಂದಿದ್ದಾರೆ. ವಿನಯ್ ಜೈನ್, ಬಿ. ಎಸ್. ದ್ವಾರಕಾನಾಥ್ ಮೊದಲಾದವರ ಈ ಕಾರ್ಯವು ದೆಹಲಿಯಲ್ಲಿರುವ ರಕ್ಷಣಾ ಇಲಾಖೆಯ ಪರಮಾಣು ವೈದ್ಯಕೀಯ ಸಂಸ್ಥೆಯಾದ ಇನ್ಮಾಸ್‌ನಲ್ಲಿ ನಡೆಯಿತು. ಮಿದುಳಿನ ಗ್ಲಯೋಮ ಎಂಬ ಅರ್ಬುದವಿದ್ದ ರೋಗಿಗಳಿಗೆ ಪ್ರತಿ ಕಿಲೋಗ್ರಾಂ ದೇಹತೂಕಕ್ಕೆ ೨೦೦ ಮಿಲಿಗ್ರಾಂನಂತೆ ಔಷಧವನ್ನು ಕುಡಿಸಿ, ಬಳಿಕ ವಾರಕ್ಕೊಮ್ಮೆ ವಿಕಿರಣವನ್ನು ಕೊಟ್ಟ ಪ್ರಯೋಗದ ಫಲಿತಾಂಶಗಳು ೧೯೯೬ರಲ್ಲಿ ಪ್ರಕಟವಾದುವು. ರೋಗಿಗಳು ಈ ಕ್ರಮವನ್ನು ಸಹಿಸಿಕೊಂಡರೆಂಬುದು ಅದರ ಮುಖ್ಯ ನಿರ್ಣಯ. ಆದರೂ ಇದು ಕ್ಯಾನ್ಸರಿಗೆ ಸರ್ವಸಮ್ಮತವಾದ ಚಿಕಿತ್ಸೆಯಾಗಲಿಲ್ಲ. ಅಮೆರಿಕದಲ್ಲಿ ಇದನ್ನು ಡೊಸಿಟ್ಯಾಕ್ಸೆಲ್ ಎಂಬ ಔಷಧದೊಡನೆ ಕೊಟ್ಟ ಪ್ರಯೋಗದ ವರದಿಯು ೨೦೧೩ರಲ್ಲಿ ಬಂದಿತು. ಮಾತ್ರೆಯ ಪ್ರಮಾಣ ಏರಿದಾಗ ಹೃದಯದ ವಿದ್ಯುತ್ ಲಯದಲ್ಲಿ ವ್ಯತ್ಯಾಸಗಳು ಕಂಡುಬಂದುದರಿಂದ, ದಿನಕ್ಕೆ ಕಿಲೋಗ್ರಾಂ ತೂಕಕ್ಕೆ ೬೩ ಮಿಲಿಗ್ರಾಂ ಎಂಬ ಮಿತಿಯನ್ನು ಸೂಚಿಸಲಾಯಿತು. ೨೦೨೧ರ ಮೇ ತಿಂಗಳಿನಲ್ಲಿ ಕೋವಿಡ್ ರೋಗಿಗಳಿಗೆ ಪೂರಕ ಔಷಧವಾಗಿ ತುರ್ತು ಬಳಕೆಯ ಅನುಮತಿ ಪಡೆದು, ಹೈದರಾಬಾದಿನ ಡಾ. ರೆಡ್ಡೀಸ್ ಸಂಸ್ಥೆಯ ಸಹಯೋಗದಿಂದ ಹೊರಬಂದ ಪುಡಿಯೂ ಇದೇ ೨-ಡಿಆಕ್ಸಿಗ್ಲೂಕೋಸ್ ಎಂಬುದು ಹಲವರ ನೆನಪಿನಲ್ಲಿರಬಹುದು.

ತದ್ರೂಪಿಯನ್ನು ಒಳಗೆ ಕಳುಹುವ ಬದಲು ಬಾಗಿಲನ್ನೇ ಮುಚ್ಚುವುದು ಇನ್ನೊಂದು ಮಾರ್ಗ. ಸೇಬಿನ ಗಿಡದಲ್ಲಿ ದೊರೆಯುವ ಫ್ಲೋರಿಟಿನ್ ಎಂಬ ವಸ್ತುವು ಗ್ಲುಟ್ ಬಾಗಿಲುಗಳನ್ನು ತಡೆಯುವುದು ಬಹುಕಾಲದಿಂದ ತಿಳಿದ ಸಂಗತಿ. ಆದರೆ ಅದು ಬಹು ದುರ್ಬಲ, ಮತ್ತು ಒಂದೇ ಬಾಗಿಲನ್ನು ಆರಿಸಿ ಮುಚ್ಚುವಂಥದಲ್ಲ. ೨೦೧೧ರಲ್ಲಿ ವರದಿಯಾದ ಎಸ್‌.ಟಿ.ಎಫ್.-೩೧ ಎಂಬ ರಾಸಾಯನಿಕವು ಮೂತ್ರಪಿಂಡದ ಕ್ಯಾನ್ಸರ್ ಕೋಶಗಳನ್ನು ಗ್ಲುಟ್-೧ರ ಮೂಲಕ ಕೊಲ್ಲುತ್ತದೆಂಬ ಆಶೆ ಹುಟ್ಟಿತು. ಮುಂದೆ ಪರೀಕ್ಷಿಸಿದಾಗ ಅದು ಬೇರೊಂದು ಕಿಣ್ವವನ್ನೂ ತಡೆಯುತ್ತಿದ್ದುದು ಕಂಡುಬಂದಿತು. ೨೦೧೬ರಲ್ಲಿ ಪ್ರಕಟವಾದ ಬೇ-೮೭೬ ಎಂಬುದು ಗ್ಲುಟ್-೧ ಅನ್ನು ಆರಿಸಿ ತಡೆಯುವುದರಲ್ಲಿ ಹಿಂದಿನವುಗಳಿಗಿಂತ ಬಹಳ ಸಮರ್ಥವಾದುದು, ಮತ್ತು ಇಲಿಗಳಲ್ಲಿ ನೆಟ್ಟ ಕೆಲವು ಮಾನವ ಅರ್ಬುದಗಳ ಬೆಳವಣಿಗೆಯನ್ನು ಅದು ತಗ್ಗಿಸಿದೆ. ಆದರೂ ಗ್ಲುಟ್ ಬಾಗಿಲನ್ನು ಮುಚ್ಚುವ ಯಾವ ಔಷಧಿಯೂ ಕ್ಯಾನ್ಸರಿನ ಚಿಕಿತ್ಸೆಯೆಂದು ಇದುವರೆಗೆ ಅಂಗೀಕಾರವನ್ನು ಪಡೆದಿಲ್ಲ.

೬

ಈ ವಿಳಂಬಕ್ಕೆ ಮೂರು ಕಾರಣಗಳನ್ನು ಗುರುತಿಸಬಹುದು.

ಮೊದಲನೆಯದು, ಅರ್ಬುದಕೋಶಕ್ಕೆ ತನ್ನದೇ ಆದ ಬಾಗಿಲಿಲ್ಲ. ಗ್ಲುಟ್-೧ ಕೆಂಪು ರಕ್ತಕಣಗಳ ಪೊರೆಯಲ್ಲಿ ದಟ್ಟವಾಗಿದೆ. ಮೈಟೊಕಾಂಡ್ರಿಯಗಳಿಲ್ಲದ ಆ ಕಣಗಳು ಜೀವಿಸುವುದೇ ಗ್ಲೂಕೋಸಿನ ವಿಭಜನೆಯಿಂದ. ರಕ್ತದಿಂದ ಮಿದುಳಿಗೆ ಗ್ಲೂಕೋಸ್ ದಾಟುವುದೂ ಇದೇ ಬಾಗಿಲಿನಿಂದ. ದೇಹದ ತೂಕದಲ್ಲಿ ಶೇಕಡ ೨ರಷ್ಟಿರುವ ಮಿದುಳು ವಿಶ್ರಾಂತಿಯ ವೇಳೆಯಲ್ಲಿಯೂ ದೇಹದ ಶಕ್ತಿಯ ಸುಮಾರು ಶೇಕಡ ೨೦ ಭಾಗವನ್ನು ವ್ಯಯಮಾಡುತ್ತದೆ. ದಿನಕ್ಕೆ ಸುಮಾರು ೧೨೦ ಗ್ರಾಂ ಗ್ಲೂಕೋಸ್ ಅದಕ್ಕೆ ಬೇಕು. ಈ ಬಾಗಿಲು ಅರ್ಧ ಮುಚ್ಚಿದರೆ ಏನಾಗುವುದೆಂಬುದನ್ನು ಪ್ರಕೃತಿಯೇ ತೋರಿಸಿದೆ. ೧೯೯೧ರಲ್ಲಿ ಡಿ ವೀವೊ ಮತ್ತು ಸಂಗಡಿಗರು ವಿವರಿಸಿದ ಒಂದು ವಿರಳವಾದ ಜನ್ಮಜಾತ ರೋಗದಲ್ಲಿ ಸಾಮಾನ್ಯವಾಗಿ ಗ್ಲುಟ್-೧ರ ಎರಡು ಜೀನುಗಳಲ್ಲಿ ಒಂದು ಮಾತ್ರ ಕೆಟ್ಟಿರುತ್ತದೆ. ಅಷ್ಟರಿಂದಲೇ ಶಿಶುಗಳಿಗೆ ಅಪಸ್ಮಾರದ ಸೆಳೆತಗಳೂ ಬೆಳವಣಿಗೆಯ ಕುಂಠಿತವೂ ಉಂಟಾಗುತ್ತವೆ. ಅರ್ಬುದಕ್ಕೂ ಆರೋಗ್ಯವಂತ ಅಂಗಗಳಿಗೂ ಇರುವ ಭೇದವು ಪ್ರಮಾಣದ್ದು, ಜಾತಿಯದಲ್ಲ. ಆದುದರಿಂದ ಬಾಗಿಲನ್ನು ಪೂರ್ಣವಾಗಿ ಮುಚ್ಚುವ ಔಷಧವು ವಿಷವಾಗುವ, ಅರೆಮುಚ್ಚುವ ಔಷಧವು ನಿಷ್ಫಲವಾಗುವ ಭಯವಿದೆ.

ಎರಡನೆಯದು, ಅರ್ಬುದದ ವಿರುದ್ಧ ಹೋರಾಡುವ ಟಿ-ಕೋಶಗಳಿಗೂ ಗ್ಲೂಕೋಸು ಬೇಕು. ಗಂಟಿನೊಳಗೆ ಅರ್ಬುದಕೋಶವು ಗ್ಲೂಕೋಸನ್ನು ಕಬಳಿಸಿ ಟಿ-ಕೋಶಗಳನ್ನು ಬಲಗುಂದಿಸುತ್ತದೆಂದು ೨೦೧೫ರ ಎರಡು ಸಂಶೋಧನೆಗಳು ತೋರಿಸಿದುವು. ೨೦೨೧ರಲ್ಲಿ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಸಂಶೋಧಕರು ಇಲಿಗಳ ಅರ್ಬುದಗಳನ್ನು ಕೋಶಕೋಶವಾಗಿ ಬಿಡಿಸಿ ಅಳೆದಾಗ ಚಿತ್ರವು ಇನ್ನಷ್ಟು ಬದಲಾಯಿತು. ಅಲ್ಲಿ ಕೋಶವೊಂದಕ್ಕೆ ಅತಿ ಹೆಚ್ಚು ಗ್ಲೂಕೋಸನ್ನು ಹೀರುತ್ತಿದ್ದುದು ಮ್ಯಾಕ್ರೊಫೇಜ್ ಮೊದಲಾದ ರಕ್ಷಕ ವರ್ಗದ ಕೋಶಗಳು. ಕ್ಯಾನ್ಸರ್ ಕೋಶಗಳಾದರೋ ಗ್ಲೂಟಮಿನ್ ಎಂಬ ಅಮಿನೋ ಆಮ್ಲವನ್ನು ಹೆಚ್ಚಾಗಿ ಸ್ವೀಕರಿಸುತ್ತಿದ್ದುವು. ಸ್ಕ್ಯಾನಿನಲ್ಲಿ ಹೊಳೆಯುವ ಗಂಟಿನ ಬೆಳಕೆಲ್ಲ ಕ್ಯಾನ್ಸರ್ ಕೋಶಗಳದೇ ಎಂದು ಭಾವಿಸುವಂತಿಲ್ಲವೆಂಬುದು ಇದರಿಂದ ಸ್ಪಷ್ಟವಾಯಿತು.

ಮೂರನೆಯದು, ಅರ್ಬುದದ ಉಪಾಯಶಾಲಿತ್ವ. ಗ್ಲೂಕೋಸ್ ದೊರೆಯದಿದ್ದರೆ ಅದು ಗ್ಲೂಟಮಿನ್ನನ್ನು, ಕೊಬ್ಬನ್ನು, ನೆರೆಯ ಕೋಶಗಳು ಹೊರಹಾಕಿದ ಲ್ಯಾಕ್ಟಿಕ್ ಆಮ್ಲವನ್ನು ಸಹ ಬಳಸಿಕೊಳ್ಳಬಲ್ಲುದು.

೭

ಇಷ್ಟರಿಂದ ಗ್ಲೂಕೋಸಿನ ದಾರಿಯನ್ನು ತಡೆಯುವ ಚಿಕಿತ್ಸೆಯು ವ್ಯರ್ಥವೆಂದು ಹೇಳುವಂತಿಲ್ಲ. ಅದು ಏಕಾಂಗಿಯಾಗಿ ಗೆಲ್ಲುವುದು ಕಷ್ಟ. ಬೇರೆ ಚಿಕಿತ್ಸೆಗೆ ಸಹಾಯಕವಾಗಿ, ಅಲ್ಪಕಾಲ, ತಕ್ಕ ರೋಗಿಯನ್ನು ಆರಿಸಿ ಬಳಸಿದಾಗ ಉಪಯುಕ್ತವಾಗಬಹುದು. ಇದಕ್ಕೆ ೨೦೧೮ರ ಒಂದು ಸಂಶೋಧನೆಯು ಉತ್ತಮ ನಿದರ್ಶನ. ಇನ್ಸುಲಿನ್ನಿನ ಸಂದೇಶವನ್ನು ಕೋಶದೊಳಗೆ ಸಾಗಿಸುವ ಪಿ.ಐ.೩ಕೆ. ಎಂಬ ಕಿಣ್ವವನ್ನು ತಡೆಯುವ ಕ್ಯಾನ್ಸರ್ ಔಷಧಗಳನ್ನು ಕೊಟ್ಟಾಗ ರಕ್ತದ ಸಕ್ಕರೆಯೂ ಅದರ ಹಿಂದೆ ಇನ್ಸುಲಿನ್ನೂ ಏರಿ, ತಡೆದ ಸಂದೇಶವು ಮತ್ತೆ ಜಾಗೃತವಾಗುತ್ತದೆ. ಇಲಿಗಳಲ್ಲಿ ಪಿಷ್ಟವು ಅತ್ಯಲ್ಪವಾದ ಕೀಟೋಜನಕ ಆಹಾರದಿಂದಾಗಲಿ, ಮೂತ್ರದ ಮೂಲಕ ಗ್ಲೂಕೋಸನ್ನು ಹೊರಹಾಕಿಸುವ ಮಧುಮೇಹದ ಮಾತ್ರೆಗಳಿಂದಾಗಲಿ ಈ ಏರಿಕೆಯನ್ನು ತಡೆದಾಗ ಔಷಧವು ಹೆಚ್ಚು ಫಲಕಾರಿಯಾಯಿತು. ಆದರೆ ಅದೇ ಸಂಶೋಧನೆಯಲ್ಲಿ, ಔಷಧವಿಲ್ಲದೆ ಆಹಾರಕ್ರಮವೊಂದನ್ನೇ ಅನುಸರಿಸಿದಾಗ, ಇಲಿಗಳ ಒಂದು ಬಗೆಯ ರಕ್ತಕ್ಯಾನ್ಸರ್ ಇನ್ನೂ ವೇಗವಾಗಿ ಬೆಳೆಯಿತು. ಪಥ್ಯವೂ ಔಷಧದಂತೆಯೇ ಹಿತಾಹಿತಗಳೆರಡನ್ನೂ ಮಾಡಬಲ್ಲುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಡ.

ಇನ್ನು ಆರಂಭದಲ್ಲಿ ಹೇಳಿದ ಮಾತಿನ ಉತ್ತರಾರ್ಧವನ್ನು ವಿವೇಚಿಸಬಹುದು. ಊಟದಲ್ಲಿ ಸಕ್ಕರೆಯನ್ನೂ ಅನ್ನವನ್ನೂ ಬಿಟ್ಟ ಮಾತ್ರಕ್ಕೆ ರಕ್ತದಲ್ಲಿ ಗ್ಲೂಕೋಸ್ ಇಲ್ಲದಾಗುವುದಿಲ್ಲ. ಉಪವಾಸದಲ್ಲಿಯೂ ಆರೋಗ್ಯವಂತನ ರಕ್ತದ ೧೦೦ ಮಿಲಿಲೀಟರಿನಲ್ಲಿ ೭೦ರಿಂದ ೧೦೦ ಮಿಲಿಗ್ರಾಂ ಗ್ಲೂಕೋಸ್ ಇರುವಂತೆ ಯಕೃತ್ತು ನೋಡಿಕೊಳ್ಳುತ್ತದೆ. ತನ್ನ ಸಂಗ್ರಹ ಮುಗಿದ ಬಳಿಕ ಅದು ಗ್ಲೂಕೋಸನ್ನು ಹೊಸದಾಗಿ ತಯಾರಿಸುತ್ತದೆ. ಆ ತಯಾರಿಕೆಗೆ ಒದಗುವ ಕಚ್ಚಾ ಸಾಮಗ್ರಿಗಳಲ್ಲಿ ಮುಖ್ಯವಾದುದು ದೇಹದ ಸ್ನಾಯುಗಳ ಪ್ರೋಟೀನು. ಅರ್ಬುದವು ಹೊರಹಾಕಿದ ಲ್ಯಾಕ್ಟಿಕ್ ಆಮ್ಲವನ್ನು ಕೂಡ ಯಕೃತ್ತು ಮತ್ತೆ ಗ್ಲೂಕೋಸಾಗಿ ಮಾಡಿ ರಕ್ತಕ್ಕೆ ಬಿಡುತ್ತದೆ. ಈ ಸುತ್ತಿಗೆ, ಕೋಳಿಯ ರೆಕ್ಕೆಯ ಪ್ರಯೋಗವನ್ನು ಮಾಡಿದ ಆ ದಂಪತಿಗಳ ಹೆಸರಿನಿಂದಲೇ ಕೋರಿ ಚಕ್ರವೆಂದು ಹೆಸರಾಗಿದೆ. ಹೀಗಿರುವಲ್ಲಿ ಊಟವನ್ನು ಕಡಿದ ರೋಗಿಯು ಅರ್ಬುದವನ್ನು ಉಪವಾಸ ಕೆಡಹುವುದಿಲ್ಲ. ತನ್ನ ಸ್ನಾಯುಗಳನ್ನು ಕರಗಿಸಿ ಅದಕ್ಕೆ ಬಡಿಸುತ್ತಾನೆ. ಕ್ಯಾನ್ಸರಿನಲ್ಲಿ ತೂಕವೂ ಸ್ನಾಯುವೂ ಕ್ಷೀಣಿಸುವುದು ಸ್ವತಃ ಒಂದು ಗಂಡಾಂತರ. ಹಾಗೆ ಕ್ಷೀಣಿಸಿದ ರೋಗಿಯು ಶಸ್ತ್ರಕ್ರಿಯೆಯನ್ನಾಗಲಿ ಔಷಧವನ್ನಾಗಲಿ ತಾಳಿಕೊಳ್ಳುವುದು ಕಷ್ಟ.

ಮಧುಮೇಹವಿರುವ ರೋಗಿಯು ರಕ್ತದ ಸಕ್ಕರೆಯನ್ನು ವೈದ್ಯರ ಸಲಹೆಯಂತೆ ಹತೋಟಿಯಲ್ಲಿಡಬೇಕಾದುದು ನಿಜ. ಸಿಹಿ ಪಾನೀಯಗಳನ್ನೂ ಅತಿಯಾದ ಸಕ್ಕರೆಯನ್ನೂ ಬಿಡುವುದು ಎಲ್ಲರಿಗೂ ಹಿತ. ವಿಶೇಷ ಪಥ್ಯಗಳನ್ನು ವೈದ್ಯರ ಮೇಲ್ವಿಚಾರಣೆಯಲ್ಲಿ ಪರೀಕ್ಷಿಸುವುದೂ ಯೋಗ್ಯವಾದ ಕಾರ್ಯವೇ. ಆದರೆ ಬಾಗಿಲನ್ನು ಮುಚ್ಚುವ ವಿದ್ಯೆಯು ಪ್ರಯೋಗಶಾಲೆಯಲ್ಲಿ ಇನ್ನೂ ಕಲಿಕೆಯ ಹಂತದಲ್ಲಿರುವಾಗ, ಅಡಿಗೆಯ ಮನೆಯಲ್ಲಿ ಅದನ್ನು ಸಾಧಿಸಿಬಿಡಬಹುದೆಂಬ ನಂಬಿಕೆಯಿಂದ ರೋಗಿಯ ತಟ್ಟೆಯನ್ನು ಬರಿದುಮಾಡುವುದು ಸಲ್ಲದು. ರೋಗಿಯು ಉಣ್ಣಬೇಕು, ಉಂಡು ಚಿಕಿತ್ಸೆಗೆ ಬಲವನ್ನು ಕೂಡಿಸಿಕೊಳ್ಳಬೇಕು. ವಾರ್ಬುರ್ಗರ ಕಾಲದಿಂದ ಇಂದಿನವರೆಗಿನ ಸಂಶೋಧನೆಯು ರೋಗಿಯ ಮನೆಯವರಿಗೆ ಸದ್ಯಕ್ಕೆ ಕೊಡಬಹುದಾದ ಸಲಹೆ ಇಷ್ಟೇ.